ಕಿವುಡುಗಂಟೆ ಮೈದಾನ

ಇಟಲಿಯ ಉತ್ತರದ ಬಯಲಿನಲ್ಲಿ, ಲೆಂತಾ ನದಿಯ ದಂಡೆಗೆ ಪಿಯೇವೊಲಾ ಎಂಬ ಸಣ್ಣ ಪಟ್ಟಣವಿದೆ. ಊರಿನ ಫುಟ್‌ಬಾಲ್ ತಂಡ ಹಳೆಯದು, ಆದರೆ ಹೆಸರು ಮಾಡಿದ್ದಲ್ಲ. ಕೆಳದರ್ಜೆಯ ಪಂದ್ಯಾವಳಿಗಳಲ್ಲೇ ಏಳುತ್ತ ಬೀಳುತ್ತ ಬಂದಿದೆ. ಅದರ ಮೈದಾನ ಇರುವುದು ಇಗರ್ಜಿಯ ಹಿಂದಿನ ದಿಬ್ಬದ ಮೇಲೆ. ಒಂದು ಬದಿಗೆ ತಗಡಿನ ಮಾಡು, ಇನ್ನೊಂದು ಬದಿಗೆ ಒತ್ತಾಗಿ ಬೆಳೆದ ಹಿಪ್ಪುನೇರಳೆ ಮರಗಳು. ಮರಗಳಾಚೆ ನೆಲ ಥಟ್ಟನೆ ನದಿಯ ಕಡೆಗೆ ಇಳಿಯುತ್ತದೆ. ಸರ್ಕಾರದ ಲೆಕ್ಕದಲ್ಲಿ ಮೈದಾನಕ್ಕೆ ಯಾವನೋ ಸಂತನ ಹೆಸರು. ಊರವರ ಬಾಯಲ್ಲಿ ಮಾತ್ರ ಅದು ‘ಕಂಪಾನಾ ಸೋರ್ದಾ’, ಅಂದರೆ ಕಿವುಡುಗಂಟೆ. ಇಗರ್ಜಿಯ ಗಂಟೆ ಒಡೆದು ದನಿ ಕಳೆದುಕೊಂಡಿದ್ದೀತು ಎಂದು ಹೊರಗಿನವರು ಊಹಿಸುವುದುಂಟು. ಗಂಟೆಯಲ್ಲಿ ಯಾವ ದೋಷವೂ ಇರಲಿಲ್ಲ ಎನ್ನುತ್ತಾರೆ ಅಲ್ಲಿಯ ಹಿರಿಯರು.

ಹಿಂದೆ ಒಮ್ಮೆ, ಊರಿನ ಇಟ್ಟಿಗೆ ಭಟ್ಟಿಗಳು ಇನ್ನೂ ಉರಿಯುತ್ತಿದ್ದ ಕಾಲದಲ್ಲಿ, ಎರ್ಮೆತೆ ಎಂಬ ಭಟ್ಟಿ ಕೆಲಸಗಾರ ಜೊತೆಯವರನ್ನು ಕೂಡಿಸಿ ಈ ತಂಡ ಕಟ್ಟಿದ. ಅವರೆಲ್ಲರ ಮನೆಗಳಿದ್ದದ್ದು ಇಳಿಜಾರಿನ ಕೆಳಗೆ, ನದಿಗೆ ತಾಗಿದ ಓಣಿಯಲ್ಲಿ. ಆಟಗಾರರ ಅಂಗಿಗಳನ್ನು ಹೊಲಿದುಕೊಟ್ಟವಳು ಎರ್ಮೆತೆಯ ತಂಗಿ ದೆಲ್ಫೀನಾ. ಎಳವೆಯ ಕಾಯಿಲೆಯಿಂದ ಅವಳ ಒಂದು ಕಾಲು ಸೊರಗಿಹೋಗಿತ್ತು. ದಿಬ್ಬ ಹತ್ತಿ ಬಂದು ಅಣ್ಣನ ಆಟ ನೋಡುವುದು ಅವಳಿಂದಾಗುತ್ತಿರಲಿಲ್ಲ. “ನೀನು ಗೋಲು ಹೊಡೆದದ್ದು ನನಗೆ ಸಂಜೆ ಗೊತ್ತಾದರೆ ಏನು ಬಂತು? ಎಲ್ಲರ ಖುಷಿ ಆರಿದ ಮೇಲೆ ನಾನೊಬ್ಬಳೇ ಖುಷಿಪಡಬೇಕು” ಎಂದಳು ಒಂದು ದಿನ. ಆ ಮಾತು ಎರ್ಮೆತೆಯ ಮನಸ್ಸಿನಲ್ಲಿ ಉಳಿಯಿತು. ಅವನು ಇಗರ್ಜಿಯ ಗಂಟೆ ಹೊಡೆಯುವ ಮುದುಕ ನಜ್ಜರೇನೊನ ಬಳಿಗೆ ಹೋದ. ಗೋಪುರದ ಮೇಲಿನಿಂದ ಮೈದಾನವೂ ಕಾಣುತ್ತಿತ್ತು, ನದಿಯೂ ಕಾಣುತ್ತಿತ್ತು. ನಾವು ಗೋಲು ಹೊಡೆದಾಗ ಗಂಟೆ ಹೊಡೆ ಎಂದು ಕೇಳಿಕೊಂಡ. ಮುದುಕ ಒಪ್ಪಲಿಲ್ಲ. “ಪೂಜೆಯ ಹೊತ್ತು ಬಿಟ್ಟರೆ ಇದು ಬೆಂಕಿಗೆ, ನೆರೆನೀರಿಗೆ ಹೊಡೆಯುವ ಗಂಟೆ ಕಣಪ್ಪ.” “ಸಂತೋಷಕ್ಕೂ ಒಂದಿಷ್ಟು ಹೊಡೆಯಲಿ ಬಿಡು” ಎಂದ ಎರ್ಮೆತೆ. ದೆಲ್ಫೀನಾಳ ಹೆಸರು ಹೇಳಿದ ಮೇಲೆ ಮುದುಕನ ಮನಸ್ಸು ಕರಗಿತು. ಅಂದಿನಿಂದ ಪ್ರತಿ ಗೋಲಿಗೂ ಗಂಟೆ ಮೊಳಗತೊಡಗಿತು. ಗಂಟೆ ಕೇಳಿದೊಡನೆ ಓಣಿಯ ಹೆಂಗಸರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದರು.

ಆ ವರ್ಷದ ಶರತ್ಕಾಲದಲ್ಲಿ ಪಿಯೇವೊಲಾ ತಂಡಕ್ಕೆ ಮೇಲಿನ ದರ್ಜೆಗೆ ಏರುವ ಅವಕಾಶ ಒದಗಿತು. ನೆರೆಯೂರು ಮೊಂತಾರ್ದೊವನ್ನು ಸೋಲಿಸಿದರೆ ಸಾಕಿತ್ತು. ದೂರದ ಬೆಟ್ಟಗಳಲ್ಲಿ ವಾರವಿಡೀ ಮಳೆ ಸುರಿದಿದ್ದರೂ ಆ ಭಾನುವಾರ ಊರಿನಲ್ಲಿ ಬಿಸಿಲಿತ್ತು. ಗಂಡಸರೆಲ್ಲ ದಿಬ್ಬದ ಮೇಲೆ ನೆರೆದಿದ್ದರು. ಆಟ ಮುಗಿಯುತ್ತ ಬಂದರೂ ಯಾರಿಗೂ ಗೋಲು ದಕ್ಕಿರಲಿಲ್ಲ. ಆಗ ಚೆಂಡು ಎರ್ಮೆತೆಯ ಕಾಲಿಗೆ ಸಿಕ್ಕಿತು. ಇಬ್ಬರನ್ನು ದಾಟಿ ಅವನು ಬೀಸಿ ಒದ್ದ. ಗೋಲು ಬಿತ್ತು, ಗಂಟೆ ಮೊಳಗುತ್ತಿತ್ತು, ಜನ ಮೈದಾನಕ್ಕೆ ನುಗ್ಗಿ ಅವನನ್ನು ಎತ್ತಿಕೊಂಡರು. ಗದ್ದಲ ಇಳಿದಾಗ ಮೊಂತಾರ್ದೊದ ಗೋಲ್‌ಕೀಪರ್ ಅವನ ಹತ್ತಿರ ಬಂದು, “ಒಂದು ವಿಚಿತ್ರ ನೋಡು. ನೀನು ಒದೆಯುವ ಮೊದಲೇ ಗಂಟೆ ಹೊಡೆಯುತ್ತಿತ್ತು” ಎಂದ. ಎರ್ಮೆತೆ ನಕ್ಕ. “ನಮ್ಮ ನಜ್ಜರೇನೊನಿಗೆ ನನ್ನ ಕಾಲಿನ ಮೇಲೆ ಅಷ್ಟು ನಂಬಿಕೆ.”

ಆಟ ಮತ್ತೆ ಶುರುವಾಯಿತು. ಗಂಟೆ ನಿಲ್ಲಲಿಲ್ಲ. ಮುದುಕ ಇವತ್ತು ಚೆನ್ನಾಗಿ ಕುಡಿದಿದ್ದಾನೆ ಎಂದು ಜನ ನಗೆಯಾಡಿದರು. ಎರ್ಮೆತೆ ಗೋಪುರದ ಕಡೆಗೆ ಕೈಯನ್ನೂ ಬೀಸಿದ. ಕೊನೆಗೆ ಸೊಂಟದವರೆಗೆ ಕೆಸರಾಗಿದ್ದ ಹೆಂಗಸೊಬ್ಬಳು ಮರಗಳ ನಡುವಿನಿಂದ ಹತ್ತಿ ಬಂದು ಮೈದಾನದ ಮಧ್ಯೆ ನಿಂತಳು. ಕೆಳಗೆ ಕೈ ತೋರಿಸಿದಳು. ಮರಗಳ ಅಂಚಿಗೆ ಓಡಿ ನೋಡಿದವರಿಗೆ ಓಣಿ ಕಾಣಲಿಲ್ಲ. ಮಣ್ಣುಬಣ್ಣದ ನೀರಿನ ಮೇಲೆ ಕೆಲವು ಮಾಡುಗಳು ಮಾತ್ರ ಕಾಣುತ್ತಿದ್ದವು.

ಗಂಟೆ ಕೇಳಿ ದಿಬ್ಬ ಹತ್ತಬೇಕಾಗಿದ್ದ ಹೆಂಗಸರು ಎಂದಿನಂತೆ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ್ದರು. ಅಣ್ಣ ಗೋಲು ಹೊಡೆದ ಎನ್ನುತ್ತ ದೆಲ್ಫೀನಾ ತಂಡದವರಿಗಾಗಿ ಮೇಜಿನ ಮೇಲೆ ಲೋಟಗಳನ್ನು ಜೋಡಿಸುತ್ತಿದ್ದಳಂತೆ. ಬದುಕುಳಿದ ನೆರೆಯವಳು ಹೇಳಿದ ಮಾತಿದು. ದೆಲ್ಫೀನಾಳನ್ನೂ ಓಣಿಯ ಇನ್ನೂ ಹಲವರನ್ನೂ ನೀರಿಳಿದ ಮೇಲೆ ತಂದು ಮಣ್ಣು ಮಾಡಿದರು.

ಕೆಲವು ದಿನಗಳ ಬಳಿಕ ಎರ್ಮೆತೆ ಗೋಪುರ ಹತ್ತಿ ಹೋದ. ನಜ್ಜರೇನೊನ ಅಂಗೈಗಳ ಚರ್ಮ ಹಗ್ಗಕ್ಕೆ ಸಿಕ್ಕಿ ಸುಲಿದುಹೋಗಿತ್ತು. “ನಮಗೆ ಕೇಳಿಸಲಿಲ್ಲ ಅಜ್ಜ” ಎಂದ ಎರ್ಮೆತೆ. ಮುದುಕ, “ಕೇಳಿಸಿತ್ತು. ನೀನು ನನಗೆ ಕೈ ಬೀಸಿದ್ದನ್ನು ನೋಡಿದೆ” ಎಂದ.

ಆಟವನ್ನು ಮತ್ತೊಮ್ಮೆ ಆಡೋಣ ಎಂದು ಮೊಂತಾರ್ದೊದವರು ಹೇಳಿ ಕಳಿಸಿದರು. ಪಿಯೇವೊಲಾ ಒಪ್ಪಲಿಲ್ಲ, ಮೇಲಿನ ದರ್ಜೆಗೆ ಏರಲೂ ಇಲ್ಲ. ತಂಡ ಉಳಿಯಿತು, ಎರ್ಮೆತೆ ಮಾತ್ರ ಮತ್ತೆಂದೂ ಚೆಂಡು ಮುಟ್ಟಲಿಲ್ಲ. ಆದರೆ ಪಂದ್ಯವಿದ್ದ ದಿನವೆಲ್ಲ ಅವನು ಮನೆಯಿಂದ ಕುರ್ಚಿಯೊಂದನ್ನು ಹೊತ್ತು ತಂದು ಮರಗಳ ಅಂಚಿಗೆ ಹಾಕಿಕೊಂಡು, ಆಟಕ್ಕೆ ಬೆನ್ನು ಮಾಡಿ, ನದಿಯನ್ನು ನೋಡುತ್ತ ಕೂರುತ್ತಿದ್ದ. ಮುಪ್ಪಿನವರೆಗೂ ಹಾಗೆಯೇ ಕೂತ. ಅವನು ತೀರಿಕೊಂಡ ವಾರ, ಯಾರೂ ಯಾರಿಗೂ ಹೇಳದಿದ್ದರೂ, ಮತ್ತೊಬ್ಬರು ಹೋಗಿ ಅಲ್ಲಿ ಕೂತರು ಎನ್ನುತ್ತಾರೆ.

ಓಣಿಯಿದ್ದ ಜಾಗದಲ್ಲಿ ಈಗ ಪಾಪ್ಲರ್ ಮರಗಳಿವೆ. ಮೇಲ್ದಂಡೆಯಲ್ಲಿ ಅಣೆಕಟ್ಟು ಬಂದಿದೆ, ಪ್ರವಾಹದ ಭಯವಿಲ್ಲ. ಆದರೂ ಭಾನುವಾರ ಪಂದ್ಯ ನೋಡಲು ಹೋದವರಿಗೆ ಮರಗಳ ಅಂಚಿನಲ್ಲಿ ಒಂದು ಕುರ್ಚಿ ಕಾಣುತ್ತದೆ. ಸರದಿಯ ಮೇಲೆ ಊರಿನ ಯಾರಾದರೊಬ್ಬರು ಅದರಲ್ಲಿ ಕೂತಿರುತ್ತಾರೆ. ಹಿಂದೆ ಮೈದಾನವೇ ಎದ್ದು ಕೂಗಿದರೂ ಅವರು ತಿರುಗಿ ನೋಡುವುದಿಲ್ಲ.