ಬಯಲಮ್ಮ ತಾಯಿಯವರು ಹೇಳಿಸಿದ ‘ಹೂಂ’

ಡೋಣಿ ಹೊಳೆಯ ಸೀಮೆಯಲ್ಲಿ ಹೊಳೆನೀರು ಉಪ್ಪು. ಕುಡಿಯುವುದಕ್ಕೆ ಬಾವಿಯೇ ಗತಿ. ಅಂಥದೊಂದು ಊರಿನ ಹಳೆಯ ಮೆಟ್ಟಿಲುಬಾವಿಯಲ್ಲಿ, ಗೋಡೆಯೊಳಗಿನ ಗೂಡಿನಲ್ಲಿ, ಪೂಜ್ಯ ಬಯಲಮ್ಮ ತಾಯಿಯವರು ವಾಸವಾಗಿದ್ದರು. ಒಂದು ಕಂಬಳಿ, ಒಂದು ಊರುಗೋಲು, ಒಂದು ಜೋಳಿಗೆ. ನಾನು ಬಹಳ ಊರು ತಿರುಗಿದವಳು; ಅಮೃತಶಿಲೆಯ ಮೇಲೆ ಕೂತು ವೈರಾಗ್ಯ ಬೋಧಿಸುವವರನ್ನೂ ಕಂಡಿದ್ದೇನೆ. ತಾಯಿಯವರ ಗೂಡಿನಲ್ಲಿ ಬೋಧನೆಗೆ ಜಾಗವೇ ಇರಲಿಲ್ಲ, ತುಂಬ ಸೋರೆಬುರುಡೆಗಳು ತೂಗುತ್ತಿದ್ದವು. ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಬುರುಡೆ ಕಟ್ಟಿ ನೀರಿಗೆ ಬಿಡುವುದು ಆ ಊರಿನ ವಾಡಿಕೆ. ಆ ಬುರುಡೆಗಳ ಕಾವಲು ತಾಯಿಯವರದು. ಸೀಳುಬಿಟ್ಟದ್ದನ್ನು ಅವರು ಬೇರೆ ಮಾಡಿ ಮೂಲೆಯಲ್ಲಿ ಬೋರಲು ಹಾಕಿಡುತ್ತಿದ್ದರು. ಒಳಗೆ ನೀರು ಹೊಕ್ಕಿತೆಂದರೆ ಅದು ಕಟ್ಟಿಕೊಂಡವರನ್ನು ಎಳೆದುಕೊಂಡೇ ಹೋಗುತ್ತದೆ.

ಈ ಪ್ರಸಂಗವನ್ನು ನನಗೆ ಹೇಳಿದವರು ಅದೇ ಊರಿನ ಕಸ್ತೂರೆವ್ವ. ಅವರ ತಮ್ಮ ಚಿಕ್ಕಂದಿನಲ್ಲಿ ಆ ಬಾವಿಯಲ್ಲಿಯೇ ಮುಳುಗಿ ತೀರಿಹೋಗಿದ್ದ. ಹಾಗಾಗಿ ಮಗಳು ಸಾವಂತ್ರಿ ಏನು ಕೇಳಿದರೂ ಅವರ ಬಾಯಲ್ಲಿ ಒಂದೇ ಮಾತು: ಬ್ಯಾಡ. ಈಜಲಿಕ್ಕೆ ಹೋಗಲೇನು? ಬ್ಯಾಡ. ಜೋಕಾಲಿ ಆಡಲೇನು? ಬ್ಯಾಡ. ಕರುವಿಗೆ ಹುಲ್ಲು ಹಾಕಲೇನು? ಹಾಯ್ತದ, ಬ್ಯಾಡ.

“ಈಕಿ ಕೇಳೂದ ಬಿಡುವಂಗ ಮಾಡ್ರಿ ತಾಯೀ, ತಲಿ ತಿಂತಾಳ” ಎಂದು ಒಮ್ಮೆ ಬಂದು ಬೇಡಿಕೊಂಡಿದ್ದರು.

ತಾಯಿಯವರು ನಕ್ಕಿದ್ದರು. “ಕೇಳಲಿ ಬಿಡವ್ವಾ. ಕೇಳೂಮಟ ನಿನ್ನ ಕಡೀನೇ ಇರ್ತಾಳ.”

ಆ ಮೇಲೊಂದು ಬೇಸಿಗೆಯ ಮಧ್ಯಾಹ್ನ. ತಾಯಿಯವರು ಭಿಕ್ಷೆ ಮುಗಿಸಿ ಬಾವಿಯ ಬಾಯಿಗೆ ಬರುವ ಹೊತ್ತಿಗೆ, ಅವರನ್ನು ಊರೆಲ್ಲ ಹುಡುಕಿ ಆಗಷ್ಟೇ ಅಲ್ಲಿಗೆ ತಲುಪಿದ್ದ ಕಸ್ತೂರೆವ್ವ ತೆಂಗಿನಕಾಯಿ ಹಿಡಿದು ನಿಂತಿದ್ದರು.

“ನಿಮ್ಮ ಆಶೀರ್ವಾದ ಫಲಿಸ್ತ್ರಿ ತಾಯೀ! ಸಾವಂತ್ರಿ ಈಗ ಏನೂ ಕೇಳಂಗಿಲ್ಲ. ಬಂಗಾರದಂಥಾಕಿ ಆಗ್ಯಾಳ.”

ಗೂಡಿಗೆ ನಾಗರಹಾವು ಬಂದಾಗ ಕಂಬಳಿ ಸರಿಸಿ ಅದಕ್ಕೂ ಜಾಗ ಬಿಟ್ಟವರು ತಾಯಿಯವರು. ಅಂಥವರ ಮುಖ ಬೂದಿಯಾಯಿತು.

“ಕೇಳೂದ ಬಿಟ್ಲಾ? ಎಲ್ಲಿ ಅದಾಳ ಈಗ?”

“ಮನ್ಯಾಗ್ರೀ. ಶೇಂಗಾ ಸುಲಿಯಾಕ ಕುಂದರಿಸಿ ಬಂದೀನಿ.”

ತಾಯಿಯವರು ಕಾಯಿ ಮುಟ್ಟಲಿಲ್ಲ. ಊರುಗೋಲು ಊರುತ್ತ ಮೆಟ್ಟಿಲಿಳಿದರು. ಗೂಡಿನ ಮೂಲೆ ಖಾಲಿಯಿತ್ತು, ಸೀಳುಬುರುಡೆ ಅಲ್ಲಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಒಂದು ಲಂಗ, ಒದ್ದೆಯಾಗಬಾರದೆಂದು ನೀಟಾಗಿ ಮಡಚಿಟ್ಟದ್ದು. ಅದರ ಮೇಲೆ ಒಂದು ಹಿಡಿ ಶೇಂಗಾ.

ಹಿಂದೆಯೇ ಇಳಿದು ಬಂದ ಕಸ್ತೂರೆವ್ವನಿಗೆ ಲಂಗದ ಗುರುತು ಹತ್ತಿತು. ಕೈಯ ಕಾಯಿ ಜಾರಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳುತ್ತ ಹೋಯಿತು.

ನಡುಬಾವಿಯಲ್ಲಿ ಒಂದು ಪುಟ್ಟ ತಲೆ. ಬೆನ್ನಿನ ಬುರುಡೆ ಗುಳುಗುಳು ಎನ್ನುತ್ತಿತ್ತು. ಆ ಸದ್ದು ಬಾವಿಯ ತುಂಬ ಕೇಳುತ್ತಿತ್ತು. ಸಾವಂತ್ರಿ ಮುಖ ಎತ್ತಿ ಅವ್ವನನ್ನು ಕಂಡಳು. ಕೈ ಚಾಚಲಿಲ್ಲ. ‘ಅವ್ವಾ’ ಎನ್ನಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕಣ್ಣು ಅಗಲಿಸಿ, ಆಚೆಯ ಗೋಡೆಯ ಕಡೆ ತಿರುಗಿ ಕಾಲು ಬಡಿಯತೊಡಗಿದಳು. ಅಲ್ಲಿ ಮೆಟ್ಟಿಲಿಲ್ಲ. ಹಿಡಿಯಲಿಕ್ಕೆ ಪಾಚಿಯಷ್ಟೇ.

ನೀರಿಗಿಂತ ಆ ಕೂಸಿಗೆ ಹೆತ್ತವಳ ಅಂಜಿಕೆ ಹೆಚ್ಚಾಗಿತ್ತು.

ತಾಯಿಯವರು ಆಗಲೇ ಎದೆಮಟ್ಟ ನೀರಿನಲ್ಲಿ ನಿಂತು ಊರುಗೋಲು ಚಾಚಿದ್ದರು. ಅದು ಮುಟ್ಟುವಂತಿರಲಿಲ್ಲ. ಹಿಂದೆ ತಿರುಗದೆಯೇ ನುಡಿದರು: “ಹೂಂ ಅನ್ನು.”

“ಏನ್ರೀ?”

“ಈಸಲೇನಂತ ಆಕಿ ಹಿಂದ ಕೇಳ್ಯಾಳಲ್ಲ. ಹೂಂ ಅನ್ನು.”

ಕಸ್ತೂರೆವ್ವನ ಗಂಟಲಲ್ಲಿ ತಮ್ಮನ ಹೆಣ ಸಿಕ್ಕಿಕೊಂಡಿತ್ತು. ಅದರ ಪಕ್ಕದಿಂದ ನುಸುಳಿಕೊಂಡು ಒಂದು ದನಿ ಹೊರಬಂತು. “ಹೂಂ... ಹೂಂ ಸಾವಂತ್ರಿ. ಈಸು ಮಗಾ. ಈ ಕಡಿ ಈಸ್ಕೋತ ಬಾ.”

ಕಾಲು ಬಡಿಯುವುದು ನಿಂತಿತು. “ಹೊಡ್ಯಂಗಿಲ್ಲಲಾ?”

“ಇಲ್ಲ ನನ್ನವ್ವಾ! ಹೂಂ ಅಂದೀನಲ್ಲ!”

ಹುಡುಗಿ ತಿರುಗಿದಳು. ತಲೆ ಒಮ್ಮೆ ಮುಳುಗಿ ಮೇಲೆ ಬಂತು. ಮತ್ತೆ ಮುಳುಗಿತು. ನೀರು ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡಿತು. ಬಾವಿಯ ಗೋಡೆಯ ಪಾರಿವಾಳಗಳೂ ಸುಮ್ಮನಾದವು ಎಂದು ಕಸ್ತೂರೆವ್ವ ಹೇಳುತ್ತಾರೆ.

ಆಮೇಲೆ ತಾಯಿಯವರ ಊರುಗೋಲು ಜಗ್ಗಿತು. ಅದರ ತುದಿಯಲ್ಲಿ ಐದು ಬೆರಳು.

ಮೇಲೆಳೆದು, ನೀರು ಕಕ್ಕಿಸಿ, ಕಂಬಳಿ ಸುತ್ತಿದರು. ಬಿಚ್ಚಿದ ಬುರುಡೆ ಕಲ್ಲಿನಂತೆ ತಳಕ್ಕಿಳಿಯಿತು. ಕಸ್ತೂರೆವ್ವ ತಾಯಿಯವರ ಪಾದಕ್ಕೆ ಬಿದ್ದು, “ಈ ಅಂಜಿಕಿ ಒಂದ ನನ್ನಿಂದ ತಗೀರಿ ತಾಯೀ” ಎಂದು ಅತ್ತರು.

“ಅಂಜಿಕಿ ಇರಲಿ ಬಿಡವ್ವಾ” ಎಂದರು ತಾಯಿಯವರು. “ಮಗಳ ಸಂಗಾಟ ಬರುವಾಗ ಅದನ್ನೂ ಕರಕೊಂಡ ಬಾ.”

ಕಂಬಳಿಯೊಳಗಿಂದ ಸಣ್ಣ ದನಿ: “ಅವ್ವಾ, ನಾಳಿಗೂ ಈಸಲೇನ?”

ಕಸ್ತೂರೆವ್ವ ನೀರನ್ನು ನೋಡಿದರು. ಹಲ್ಲು ಕಟಕಟಿಸುತ್ತಿದ್ದುದು ಮಗಳದಲ್ಲ, ಅವರದು. “ಹೂಂ. ಬುರುಡಿ ನಾ ಕಟ್ತೀನಿ.”

ಆಗ ತಾಯಿಯವರು ಉರುಳಿಹೋಗಿದ್ದ ಕಾಯಿಯನ್ನು ಹುಡುಕಿ ತರಿಸಿಕೊಂಡು ಒಡೆದರು. ಮೊದಲ ಚೂರು ಸಾವಂತ್ರಿಗೆ.

ಆ ಬೇಸಿಗೆಯಿಡೀ ಕಸ್ತೂರೆವ್ವ ಕೊನೆಯ ಮೆಟ್ಟಿಲಲ್ಲಿ, ಕಾಲು ನೀರಿನಲ್ಲಿಟ್ಟು ಕುಳಿತರಂತೆ. ಅಂಜಿಕೆ ಹೋಯಿತೇ ಎಂದು ಕೇಳಿದೆ.

“ಎಲ್ಲಿ ಹೋಗ್ತದ್ರಿ” ಎಂದು ಆ ಮುದುಕಿ ನಕ್ಕರು. “ದಿನಾ ನನ್ನ ಬಾಜೂಕ ಕುಂದರತಿತ್ತು. ಅದಕ್ಕೂ ಒಂದ ಹಿಡಿ ಶೇಂಗಾ ಕೊಡತಿದ್ದೆ.”