ತನ್ನದಲ್ಲದ ಕುಳಿ

ಶಿಷ್ಯೆ ಕೇಳಿದಳು: "ಗುರುಗಳೇ, ಮನೆಯಲ್ಲಿ ನಮಗೆ ಬೇಕಾದವರು ಏನಾದರೂ ಕೇಳಿದಾಗ, ಅವರ ಒಳ್ಳೆಯದಕ್ಕೆಂದು ಒಂದು ಸಣ್ಣ ಸುಳ್ಳು ಹೇಳಿದರೆ ಅದು ತಪ್ಪೇ?"

ಗುರುಗಳು ನಲವತ್ತು ವರ್ಷ ಗಾಲ್ಫ್ ಆಟ ಕಲಿಸಿದವರು. ಈಗ ವಯಸ್ಸಾದ ಮೇಲೆ ಆಟದ ನಿಯಮಗಳನ್ನಷ್ಟೇ ಕಲಿಸುತ್ತಿದ್ದರು. ಶಿಷ್ಯೆಯ ಹೆಸರು ಸುಗಂಧಿ. ತೀರ್ಪುಗಾರ್ತಿಯಾಗಬೇಕೆಂದು ಅವರ ಬಳಿ ಪಾಠಕ್ಕೆ ಬರುತ್ತಿದ್ದಳು. ಆ ದಿನದ ಪಾಠ ನೆಲದಲ್ಲಿ ಹೂತುಕೊಂಡ ಚೆಂಡಿನದು. ಪಾಠ ಮುಗಿದಿತ್ತು. ಪುಸ್ತಕ ಮುಚ್ಚಿಟ್ಟು, ಗುರುಗಳ ಮುಖ ನೋಡದೆ, ಅವಳು ಈ ಪ್ರಶ್ನೆ ಕೇಳಿದಳು.

ಗುರುಗಳು, "ಇವತ್ತಿನ ಪಾಠದ್ದೇ ಒಂದು ಕತೆಯಿದೆ, ಕೇಳು" ಎಂದು ಹೇಳತೊಡಗಿದರು.

ಒಂದು ಬೆಟ್ಟದ ಊರಿನಲ್ಲಿ ಇಬ್ಬರು ಗೆಳತಿಯರಿದ್ದರು. ದೊಡ್ಡವಳು ದೇಚಮ್ಮ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಚಿಕ್ಕವಳು ಐರಿನ್. ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದವಳು. ವಯಸ್ಸಿನಲ್ಲಿ ಎಂಟು ವರ್ಷದ ಅಂತರ. ಐರಿನ್ ಅವಳನ್ನು ಅಕ್ಕ ಎನ್ನುತ್ತಿದ್ದಳು. ಊರಿನ ಕ್ಲಬ್ಬಿನ ಮೈದಾನದಲ್ಲಿ ಇಬ್ಬರೂ ಪ್ರತಿ ಭಾನುವಾರ ಬೆಳಿಗ್ಗೆ ಗಾಲ್ಫ್ ಆಡುತ್ತಿದ್ದರು. ಹಾಗೆ ಇಪ್ಪತ್ತೆರಡು ವರ್ಷ ಆಡಿದ್ದರು.

ಅರವತ್ತೆಂಟನೆಯ ವಯಸ್ಸಿನಲ್ಲಿ ದೇಚಮ್ಮನ ಕಣ್ಣು ಮಂದವಾಗತೊಡಗಿತು. ಕಾಲ ಬಳಿಯ ಚೆಂಡು ಕಾಣುತ್ತಿತ್ತು. ಹೊಡೆದ ಮೇಲೆ ಅದು ಎತ್ತ ಹೋಯಿತೆಂದು ಕಾಣುತ್ತಿರಲಿಲ್ಲ. ಈ ಕಣ್ಣು ಇನ್ನು ತಿರುಗಿ ಬರುವುದಿಲ್ಲ, ಇರುವಷ್ಟನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಮೂರು ಬಗೆಯ ಹನಿ ಔಷಧಿ ಬರೆದುಕೊಟ್ಟರು.

ದೇಚಮ್ಮ ಆಟ ಬಿಡುವುದೆಂದು ತೀರ್ಮಾನಿಸಿದಳು. ಐರಿನ್ ಬಿಡಗೊಡಲಿಲ್ಲ. ನೀವು ಹೊಡೆಯಿರಿ, ನಾನು ನೋಡಿ ಹೇಳುತ್ತೇನೆ ಎಂದಳು. ಅಂದಿನಿಂದ ದೇಚಮ್ಮ ಹೊಡೆದು ನಿಲ್ಲುತ್ತಿದ್ದಳು. ಐರಿನ್ ಹಣೆಗೆ ಕೈಯಿಟ್ಟು ನೋಡುತ್ತಿದ್ದಳು. ಬಲಕ್ಕೆ ಬಾಗಿತು, ಎರಡು ಸಲ ಪುಟಿಯಿತು, ಬಂಡೆಯ ಈಚೆ ನಿಂತಿತು ಎಂದು ಹೇಳುತ್ತಿದ್ದಳು. ಅವಳು ಹೇಳಿದಲ್ಲಿಗೆ ದೇಚಮ್ಮ ನೇರವಾಗಿ ನಡೆದುಹೋಗುತ್ತಿದ್ದಳು. ಚೆಂಡು ಅಲ್ಲೇ ಇರುತ್ತಿತ್ತು.

ಮೈದಾನದ ಆಚೆಗೂ ಇದೇ ರೂಢಿಯಾಯಿತು. ದೇಚಮ್ಮನಿಗೆ ಬಂದ ಪತ್ರಗಳನ್ನು ಐರಿನ್ ಓದಿ ಹೇಳುತ್ತಿದ್ದಳು. ಕಣ್ಣಿನ ಔಷಧಿಯ ಮೂರು ಸೀಸೆಗಳೂ ಒಂದೇ ಅಳತೆಯವು. ಯಾವುದು ಬೆಳಗಿನದು, ಯಾವುದು ಸಂಜೆಯದು ಎಂದು ಅವಳೇ ನೋಡಿ, ಒಂದಕ್ಕೆ ದಾರ ಕಟ್ಟಿ, ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಇಡುತ್ತಿದ್ದಳು. ದೇಚಮ್ಮ ಒಂಟಿಯಾಗಿದ್ದವಳು. ಯಾರ ಮನೆಯಲ್ಲೂ ಒಂದು ಲೋಟ ನೀರು ಕೇಳಲು ಹಿಂದೆಮುಂದೆ ನೋಡುವ ಸ್ವಭಾವ. ಐರಿನ್‌ಳನ್ನು ಕೇಳಲು ಮಾತ್ರ ಅವಳಿಗೆ ಸಂಕೋಚವಾಗುತ್ತಿರಲಿಲ್ಲ.

ಆ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಹೆಂಗಸರ ಪಂದ್ಯ ನಡೆಯುತ್ತಿತ್ತು. ಗೆದ್ದವರಿಗೆ ಒಂದು ಕಪ್ಪು; ಅದನ್ನು ಐರಿನ್ ಐದು ಸಲ ಗೆದ್ದಿದ್ದಳು. ದೇಚಮ್ಮ ಒಮ್ಮೆಯೂ ಗೆದ್ದಿರಲಿಲ್ಲ. ಕಣ್ಣು ಮಂದವಾದ ಮರುವರ್ಷ, ಯಾರೂ ಎಣಿಸದ ಹಾಗೆ, ದೇಚಮ್ಮ ಫೈನಲ್‌ವರೆಗೆ ಬಂದಳು. ಎದುರಿಗೆ ಐರಿನ್. ಇದೇ ನನ್ನ ಕೊನೆಯ ಪಂದ್ಯ, ಮುಂದಿನ ವರ್ಷ ಕಾಲ ಬಳಿಯ ಚೆಂಡೂ ಕಾಣುವುದಿಲ್ಲವೇನೋ ಎಂದು ದೇಚಮ್ಮ ಹಿಂದಿನ ದಿನ ನಗುತ್ತಾ ಹೇಳಿದ್ದಳು. ಐರಿನ್ ನಕ್ಕಿರಲಿಲ್ಲ.

ವಾರವೆಲ್ಲ ಮಳೆ ಸುರಿದು, ಆ ದಿನ ಬೆಳಿಗ್ಗೆ ಬಿಟ್ಟಿತ್ತು. ನೆಲ ಮೆತ್ತಗಿತ್ತು. ಹದಿನೆಂಟು ಹೋಲ್‌ಗಳಲ್ಲಿ ಹದಿನೇಳು ಮುಗಿದಾಗ ಇಬ್ಬರೂ ಸಮ. ಉಳಿದದ್ದು ಒಂದೇ. ಅದರಲ್ಲಿ ದೇಚಮ್ಮ ಎರಡನೆಯ ಹೊಡೆತ ಚೆನ್ನಾಗಿ ಹೊಡೆದಳು. ಚೆಂಡು ಎತ್ತರಕ್ಕೆ ಹೋಗಿ, ಆ ಹೋಲಿನ ಗುಳಿಯಲ್ಲಿ ನೆಟ್ಟ ಬಾವುಟಕ್ಕೆ ಐವತ್ತು ಹೆಜ್ಜೆ ಈಚೆ ಬಿತ್ತು. ಬಿದ್ದು ಒಮ್ಮೆ ಪುಟಿಯಿತು. ಪುಟಿದು ಮುಂದಕ್ಕೆ ಉರುಳಿ, ಹಿಂದೆ ಯಾರದೋ ಚೆಂಡು ಮಾಡಿದ್ದ ಹಳೆಯ ಕುಳಿಯೊಳಗೆ ಕುಳಿತುಬಿಟ್ಟಿತು. ಅರ್ಧ ಚೆಂಡು ನೆಲದ ಒಳಗೆ, ಅರ್ಧ ಹೊರಗೆ.

ನಿಯಮ ನಿನಗೆ ಗೊತ್ತಿದೆ. ಹೊಡೆದ ಚೆಂಡು ಬಿದ್ದ ರಭಸಕ್ಕೆ ತಾನೇ ಮಾಡಿಕೊಂಡ ಕುಳಿಯಲ್ಲಿ ಹೂತುಕೊಂಡರೆ ಆಟಗಾರನಿಗೆ ರಿಯಾಯಿತಿ ಉಂಟು. ದಂಡವಿಲ್ಲದೆ ಎತ್ತಬಹುದು, ಮಣ್ಣು ಒರೆಸಬಹುದು. ಬಾವುಟಕ್ಕೆ ಹತ್ತಿರವಾಗದಂತೆ, ಒಂದು ಆಟದ ಕೋಲಿನ ಅಳತೆಯೊಳಗೆ, ಮೊಣಕಾಲಿನ ಎತ್ತರದಿಂದ ಬಿಡಬಹುದು. ಬೇರೆ ಚೆಂಡಿನ ಕುಳಿಗೆ ಉರುಳಿ ಬಿದ್ದರೆ ಈ ರಿಯಾಯಿತಿ ಇಲ್ಲ. ಇದ್ದ ಹಾಗೆಯೇ ಹೊಡೆಯಬೇಕು. ಆ ಕುಳಿಯೊಳಗಿಂದ ಚೆಂಡನ್ನು ಬಾವುಟದವರೆಗೆ ಕಳಿಸುವುದು ಕಣ್ಣಿದ್ದವರಿಗೂ ಆಗದ ಕೆಲಸ.

ಇಬ್ಬರೂ ಚೆಂಡಿನ ಬಳಿಗೆ ಬಂದರು. ಬೇರೆಯವರೆಲ್ಲ ದೂರದಲ್ಲಿ, ಬಾವುಟದ ಆಚೆ ನಿಂತಿದ್ದರು. ದೇಚಮ್ಮ ಬಗ್ಗಿ ನೋಡಿ ಕೇಳಿದಳು: "ಐರಿನ್, ಇದು ನನ್ನ ಚೆಂಡು ಮಾಡಿದ ಕುಳಿಯೇನು? ಪುಟಿಯಲಿಲ್ಲವಾ?"

"ಇಲ್ಲ ಅಕ್ಕ. ಬಿದ್ದಲ್ಲೇ ಹೂತುಕೊಂಡಿತು. ಎತ್ತಿಕೊಳ್ಳಿ" ಎಂದಳು ಐರಿನ್.

ಅವಳಿಗೆ ಕಪ್ಪಿನ ಆಸೆ ಇರಲಿಲ್ಲ. ಸೋಲುವುದು ತಾನೇ ಎಂದು ತಿಳಿದೇ ಹೇಳಿದಳು. ಅಕ್ಕ ಒಮ್ಮೆ ಗೆಲ್ಲಲಿ ಎನ್ನುವುದೊಂದೇ ಅವಳ ಮನಸ್ಸಿನಲ್ಲಿತ್ತು.

ದೇಚಮ್ಮ ಚೆಂಡಿನ ಹಿಂದೆ ಒಂದು ನಾಣ್ಯ ಗುರುತಿಟ್ಟಳು. ಎರಡು ಬೆರಳಿನಲ್ಲಿ ಚೆಂಡನ್ನು ಎತ್ತಿದಳು. ಒರೆಸಲು ಕರವಸ್ತ್ರ ತೆಗೆಯುವ ಮೊದಲು, ಕುಳಿಯನ್ನು ಮುಚ್ಚಿ ಸರಿಮಾಡೋಣವೆಂದು ಅದರೊಳಗೆ ಬೆರಳಿಟ್ಟಳು. ಅಲ್ಲಿಗೆ ಅವಳ ಕೈ ನಿಂತಿತು. ಈಗತಾನೆ ಆದ ಕುಳಿಯ ಅಂಚು ಎದ್ದಿರುತ್ತದೆ, ಹುಲ್ಲು ಹರಿದಿರುತ್ತದೆ. ಇದರ ಅಂಚು ಮಳೆಗೆ ಕರಗಿ ನುಣ್ಣಗಾಗಿತ್ತು. ತಳದಲ್ಲಿ ಒಂದು ಎಲೆ ಕೊಳೆತು ಮಣ್ಣಿಗೆ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ ಹುಲ್ಲಿನ ಮೊಳಕೆಯೊಂದು ಬೆರಳಿಗೆ ತಾಗಿತು. ಮಕ್ಕಳಿಗೆ ಮೂವತ್ತು ವರ್ಷ ಮೊಳಕೆಯ ಪಾಠ ಮಾಡಿದವಳು. ಅದು ಎಷ್ಟು ದಿನದ್ದೆಂದು ನೋಡದೆಯೂ ಅವಳಿಗೆ ತಿಳಿಯಿತು.

ಅವಳು ಎದ್ದು ನಿಲ್ಲಲಿಲ್ಲ. ಕರವಸ್ತ್ರವನ್ನೂ ತೆಗೆಯಲಿಲ್ಲ. ಮಣ್ಣು ಅಂಟಿದ ಚೆಂಡನ್ನು ಹಾಗೆಯೇ ಆ ಕುಳಿಯೊಳಗೆ, ಇದ್ದ ರೀತಿಯಲ್ಲೇ ಇಟ್ಟು, ನಾಣ್ಯ ತೆಗೆದುಕೊಂಡಳು. ಹೂತಿದೆಯೋ ಇಲ್ಲವೋ ಎಂದು ಎತ್ತಿ ನೋಡಲು ನಿಯಮ ಬಿಡುತ್ತದೆ. ಇಲ್ಲವೆಂದು ಕಂಡರೆ ಒರೆಸದೆ ಅಲ್ಲೇ ಇಡಬೇಕು. ಅವಳು ಇಟ್ಟಳು. ಐರಿನ್ ಏನೋ ಹೇಳಲು ಹೋದಳು. ದೇಚಮ್ಮ ಅವಳ ಕಡೆ ತಿರುಗಲಿಲ್ಲ. ಕೋಲು ಹಿಡಿದು ಹೊಡೆದಳು. ಮಣ್ಣಿನೊಂದಿಗೆ ಎದ್ದ ಚೆಂಡು ಹತ್ತು ಹೆಜ್ಜೆ ಹೋಗಿ ನಿಂತಿತು. ಪಂದ್ಯ ಅಲ್ಲಿಗೆ ಹೋಯಿತು. ಕಪ್ಪು ಆರನೆಯ ಸಲ ಐರಿನ್ ಕೈಗೆ ಬಂತು. ಅದನ್ನು ಅವಳು ಕ್ಲಬ್ಬಿನ ಮೇಜಿನ ಮೇಲೆಯೇ ಬಿಟ್ಟುಹೋದಳು.

ದೇಚಮ್ಮ ಬೈಯಲಿಲ್ಲ. ಆ ವಿಷಯ ಎತ್ತಲೂ ಇಲ್ಲ. ಮುಂದಿನ ಭಾನುವಾರ ಎಂದಿನಂತೆ ಬಂದಳು. ಆದರೆ ಹೊಡೆದ ಮೇಲೆ, ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಒಬ್ಬಳೇ ನಡೆದುಹೋಗಿ ಹುಲ್ಲನ್ನು ಕೋಲಿನಿಂದ ತಡಕಾಡಿದಳು. ಬಲಕ್ಕಿದೆ ಅಕ್ಕ, ಪೊದೆಯ ಬುಡದಲ್ಲಿ ಎಂದು ಐರಿನ್ ಹೇಳಿದರೆ, ಆಗಲಿ ಎಂದು ಹೇಳಿ, ಮೊದಲು ಎಡಗಡೆ ಹುಡುಕಿ ಆಮೇಲೆ ಬಲಕ್ಕೆ ಬರುತ್ತಿದ್ದಳು. ಅಷ್ಟರಲ್ಲಿ ಹುಡುಕಲು ನಿಯಮ ಕೊಡುವ ಮೂರು ನಿಮಿಷ ಮುಗಿದು ಎಷ್ಟೋ ಚೆಂಡುಗಳು ಕಳೆದುಹೋದವು. ಮೂರು ವಾರ ಹೀಗೇ ನಡೆಯಿತು. ಐರಿನ್ ಇದನ್ನು ಮುನಿಸು ಎಂದುಕೊಂಡಳು. ಮುನಿಸಾದರೆ ಇಳಿಯುತ್ತದೆ ಎಂದು ಕಾದಳು.

ನಾಲ್ಕನೆಯ ವಾರ ಅವಳು ಔಷಧಿ ಅಂಗಡಿಗೆ ಹೋದಾಗ ಅಂಗಡಿಯವನು ಒಂದು ಮಾತು ಹೇಳಿದ. ಟೀಚರಮ್ಮ ಈಗ ಸೀಸೆಗಳನ್ನು ಇಲ್ಲಿಗೇ ತರುತ್ತಾರೆ, ಯಾವುದು ಯಾವುದೆಂದು ನನ್ನ ಹತ್ತಿರ ಓದಿಸಿಕೊಂಡು ಹೋಗುತ್ತಾರೆ ಎಂದ. ಪತ್ರವನ್ನೂ ತಂದಿದ್ದರು ಎಂದ. ಐರಿನ್ ತನ್ನ ಔಷಧಿ ಕೊಳ್ಳುವುದನ್ನೂ ಮರೆತು ಹೊರಗೆ ಬಂದಳು. ಅದು ಮುನಿಸಲ್ಲವೆಂದು ಅವಳಿಗೆ ಆಗ ಗೊತ್ತಾಯಿತು. ಯಾರನ್ನೂ ಏನೂ ಕೇಳದ ಅಕ್ಕ, ಮುಖಪರಿಚಯವಷ್ಟೇ ಇದ್ದ ಅಂಗಡಿಯವನ ಮುಂದೆ ಸೀಸೆ ಹಿಡಿದು ನಿಂತದ್ದು ಅವಳ ಕಣ್ಣಿಗೆ ಕಟ್ಟಿತು. ನೇರವಾಗಿ ದೇಚಮ್ಮನ ಮನೆಗೆ ಹೋದಳು.

ದೇಚಮ್ಮ ಬಾಗಿಲು ತೆಗೆದು, ಬಾ ಎಂದು ಒಳಗೆ ಕರೆದು ಕಾಫಿ ಮಾಡಿದಳು. ಲೋಟದ ಅಂಚಿಗೆ ಬೆರಳಿಟ್ಟು, ಕಾಫಿ ಎಲ್ಲಿಯವರೆಗೆ ಬಂತೆಂದು ಮುಟ್ಟಿ ನೋಡಿ ಸುರಿದಳು. ಐರಿನ್ ನಡೆದದ್ದನ್ನೆಲ್ಲ ಹೇಳಿದಳು. ಚೆಂಡು ಪುಟಿದದ್ದನ್ನು ಕಂಡೆ, ಕಂಡೂ ಇಲ್ಲವೆಂದೆ. ನಿಮ್ಮ ಕೈಗೆ ಆ ಕಪ್ಪು ಒಮ್ಮೆ ಬರಲಿ ಎಂದು ಹೇಳಿದೆ, ಬೇರೇನೂ ಇರಲಿಲ್ಲ ಎಂದಳು.

"ನನಗೆ ಗೊತ್ತು" ಎಂದಳು ದೇಚಮ್ಮ. "ನೀನು ಪ್ರೀತಿಗೇ ಹೇಳಿದ್ದು. ಅದರಿಂದಲೇ ಕಷ್ಟವಾಯಿತು, ಐರಿನ್. ಕೆಡುಕು ಬಯಸಿ ಹೇಳಿದ್ದರೆ ನಿನ್ನನ್ನು ಬಿಟ್ಟುಬಿಡಬಹುದಿತ್ತು. ಈಗ ನೀನು ಏನು ಹೇಳಿದರೂ, ಇದು ಇವಳು ಕಂಡದ್ದೋ, ನನ್ನ ಮೇಲಿನ ಪ್ರೀತಿಗೆ ಹೇಳಿದ್ದೋ ಎಂದು ಯೋಚನೆ ಬರುತ್ತದೆ. ಡಾಕ್ಟರ ಚೀಟಿ ನೀನು ಓದಿದರೂ ಬರುತ್ತದೆ. ನನ್ನನ್ನು ಗೆಲ್ಲಿಸು ಎಂದು ನಾನು ಆ ದಿನ ನಿನ್ನನ್ನು ಕೇಳಲಿಲ್ಲ. ಅಲ್ಲಿ ಏನಾಯಿತು ಎಂದು ಕೇಳಿದೆ."

ಈಗ ನಾನೇನು ಮಾಡಲಿ ಎಂದು ಐರಿನ್ ಕೇಳಿದಳು.

"ಭಾನುವಾರ ಬಾ. ಚೆಂಡು ಎಲ್ಲಿ ಬಿತ್ತೆಂದು ಹೇಳು. ಸ್ವಲ್ಪ ದಿನ ನಾನು ಕೈಯಿಂದಲೂ ಮುಟ್ಟಿ ನೋಡುತ್ತೇನೆ. ಅದಕ್ಕೆ ನೀನು ನೊಂದುಕೊಳ್ಳಬಾರದು" ಎಂದಳು ದೇಚಮ್ಮ. ಕಾಫಿ ಆರುತ್ತಿದೆ, ಕುಡಿ ಎಂದಳು.

ಐರಿನ್ ಭಾನುವಾರ ಹೋದಳು. ಕಂಡದ್ದನ್ನು ಹೇಳಿದಳು. ಕೆರೆಗೆ ಬಿದ್ದರೆ ಕೆರೆಗೆ ಬಿತ್ತು ಎಂದಳು. ಬಿಸಿಲು ಕಣ್ಣಿಗೆ ಹೊಡೆದು ಕಾಣದಿದ್ದರೆ, ನನಗೆ ಕಾಣಲಿಲ್ಲ ಎಂದಳು. ಒಮ್ಮೆ, ಬಾವುಟದ ಹತ್ತಿರವೇ ಇರಬೇಕೆಂದು ದೇಚಮ್ಮ ಸಂತೋಷದಿಂದ ನಡೆಯುತ್ತಿದ್ದಾಗ, ಇಲ್ಲ ಅಕ್ಕ, ಅದು ಮೈದಾನದ ಬೇಲಿ ದಾಟಿತು ಎಂದು ಹೇಳಿ ನಿಲ್ಲಿಸಿದಳು. ದೇಚಮ್ಮ ಪ್ರತಿ ಸಲವೂ ಬಗ್ಗಿ, ಹುಲ್ಲಿಗೆ ಕೈಯಿಟ್ಟು ನೋಡಿದಳು. ಐರಿನ್ ಪಕ್ಕದಲ್ಲಿ ನಿಂತು ಕಾದಳು. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮರುವರ್ಷದ ಪಂದ್ಯಕ್ಕೆ ದೇಚಮ್ಮ ಹೆಸರು ಕೊಡಲಿಲ್ಲ. ಐರಿನ್‌ಳೂ ಕೊಡಲಿಲ್ಲ.

ಮತ್ತೆ ಮಳೆ ಬಂದು ನೆಲ ಮೆತ್ತಗಾದ ಒಂದು ಬೆಳಿಗ್ಗೆ ದೇಚಮ್ಮನ ಚೆಂಡು ಎತ್ತರದಿಂದ ಬಿದ್ದು ಕೆಸರಿನಲ್ಲಿ ಹೂತುಕೊಂಡಿತು. ಇಬ್ಬರೂ ಅಲ್ಲಿಗೆ ಬಂದರು. ಆಟದಲ್ಲಿ ಗೆಲ್ಲಲು ಏನೂ ಇರಲಿಲ್ಲ. ನೋಡುವವರೂ ಯಾರೂ ಇರಲಿಲ್ಲ. ಇದು ನನ್ನ ಚೆಂಡಿನದೇ ಕುಳಿಯೇನು ಎಂದು ದೇಚಮ್ಮ ಕೇಳಿದಳು. ಹೌದು, ಪುಟಿಯಲಿಲ್ಲ ಎಂದಳು ಐರಿನ್. ಹೇಳಿ, ಅಕ್ಕ ಕುಳಿಗೆ ಬೆರಳಿಡಲಿ ಎಂದು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು.

ದೇಚಮ್ಮ ಬೆರಳಿಡಲಿಲ್ಲ. ನಾಣ್ಯ ಇಟ್ಟಳು, ಚೆಂಡು ಎತ್ತಿದಳು, ಕರವಸ್ತ್ರದಿಂದ ಚೆನ್ನಾಗಿ ಒರೆಸಿದಳು. ಮೊಣಕಾಲಿನ ಎತ್ತರಕ್ಕೆ ಬಗ್ಗಿ ಪಕ್ಕದ ಹುಲ್ಲಿನ ಮೇಲೆ ಬಿಟ್ಟಳು. ನಾಣ್ಯ ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಐರಿನ್ ಬೆಟ್ಟದ ಕಡೆ ಮುಖ ತಿರುಗಿಸಿ ನಿಂತಿದ್ದಳು.

"ಯಾಕೆ ಸುಮ್ಮನಾದೆ? ಬಾವುಟ ಎಷ್ಟು ದೂರ ಹೇಳು" ಎಂದಳು ದೇಚಮ್ಮ.

ಐರಿನ್ ಕಣ್ಣೊರೆಸಿಕೊಂಡು ನೋಡಿ, ಎಪ್ಪತ್ತು ಹೆಜ್ಜೆ ಎಂದಳು. ಆ ಸಂಜೆ ಮೂರು ಸೀಸೆಗಳೂ ಅವಳ ಕೈಗೆ ಬಂದವು. ಕಾಲ ಬಳಿಯ ಚೆಂಡೂ ಕಾಣದಾಗುವವರೆಗೆ, ಇನ್ನೂ ನಾಲ್ಕು ವರ್ಷ, ಅವರಿಬ್ಬರೂ ಆಡಿದರು. ದೇಚಮ್ಮ ಕಪ್ಪು ಗೆಲ್ಲಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸುಗಂಧಿ ಪುಸ್ತಕದ ಅಂಚನ್ನು ಬೆರಳಿನಿಂದ ತಿದ್ದುತ್ತಾ ಕುಳಿತಿದ್ದಳು. ಕೊನೆಗೆ ಹೇಳಿದಳು: "ಆದರೆ ಗುರುಗಳೇ, ಒಮ್ಮೆ ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಬಹಳ ಕಷ್ಟವಲ್ಲವೇ? ಐರಿನ್‌ಗೆ ಒಂದು ವರ್ಷ ಬೇಕಾಯಿತು."

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ನಿನ್ನನ್ನು ಕೇಳಿದವರು ಇನ್ನೂ ಮನೆಯಲ್ಲಿ ಇದ್ದಾರಲ್ಲ, ಮಗು. ಇವತ್ತೇ ಹೋಗಿ ಇದ್ದದ್ದನ್ನು ಹೇಳು."