ಎಡಗಡೆಯ ಮರ

ಆ ಕಡೆಗೆ ಇನ್ನೂ ರೈಲು ಬಾರದ ಕಾಲ ಅನ್ನಿ. ರೋಮ್ ಪಟ್ಟಣದ ಹೊರಗೆ, ನದಿಯ ದಂಡೆಯಲ್ಲಿ, ಅನ್ಸೆಲ್ಮೊ ಎಂಬ ಮುದಿ ಚಿತ್ರಕಾರನಿದ್ದ. ಅವನ ಶಿಷ್ಯ ಸಿಲ್ವಾನೊ.

ಬೆಳಗಾದರೆ ಪ್ರದರ್ಶನಕ್ಕೆ ಚಿತ್ರ ಒಪ್ಪಿಸಬೇಕು. ಆಯ್ಕೆಯಾದರೆ ಸಿಲ್ವಾನೊ ಗುರುವಿನ ಬಳಿಯೇ ಉಳಿಯಬಹುದು. ಇಲ್ಲವೋ, ಊರಿಗೆ ಮರಳಿ ಚರ್ಮ ಹದ ಮಾಡುವ ತೊಟ್ಟಿಯ ಮುಂದೆ ನಿಲ್ಲಬೇಕು. ಅಪ್ಪ ಖಂಡತುಂಡವಾಗಿ ಹೇಳಿ ಕಳಿಸಿದ್ದ.

ಹಾಗಾಗಿ ಸಿಲ್ವಾನೊ ಹಠ ಹಿಡಿದು ಬಿಡಿಸುತ್ತಿದ್ದ. ಎದುರಿಗೆ ಒಣ ಬಯಲು, ಮುರಿದ ಕಲ್ಲುಕಮಾನುಗಳು, ಆಚೆ ನೀಲಿ ಬೆಟ್ಟ. ಎಲ್ಲವೂ ಇದ್ದ ಹಾಗೇ ಬಂತು. ಕಡೆಗೆ ಎಡಗಡೆಯಲ್ಲಿ ಒಂದು ದೊಡ್ಡ ಮರ ನಿಲ್ಲಿಸಿದ.

ಬಯಲಿನಲ್ಲಿ ಮರವೇ ಇರಲಿಲ್ಲ. ಆದರೇನು, ಆ ಕಾಲದ ನಿಸರ್ಗಚಿತ್ರ ಅಂದಮೇಲೆ ಪಕ್ಕಕ್ಕೊಂದು ಮರ ಇರಲೇಬೇಕು!

ಅನ್ಸೆಲ್ಮೊ ಚಿತ್ರ ನೋಡಿದ. ಆ ಉರಿಬಿಸಿಲಲ್ಲಿ ಬಯಲಿಗಿಳಿದು, ಚಿತ್ರದಲ್ಲಿ ಮರವಿದ್ದ ಜಾಗ ಹುಡುಕಿ, ಬೋಳುತಲೆಯಲ್ಲೇ ಕಾಲು ಚಾಚಿ ಕೂತುಬಿಟ್ಟ.

“ಗುರುಗಳೇ, ಬಿಸಿಲು! ಎದ್ದು ಬನ್ನಿ.”

“ಎಲ್ಲಿಯ ಬಿಸಿಲಪ್ಪಾ? ನಿನ್ನ ಮರದಡಿ ತಂಪಾಗಿದೆ.”

“ತಮಾಷೆ ಸಾಕು. ತಲೆ ಸುತ್ತಿ ಬಿದ್ದೀರಿ.”

“ಬಿದ್ದರೆ ಬೇರಿಗೆ ಒರಗಿಕೊಳ್ತೀನಿ ಬಿಡು.”

ಸಿಲ್ವಾನೊಗೆ ರೇಗಿತು. “ಮರ ಇಲ್ಲದಿದ್ದರೆ ಪ್ರದರ್ಶನದವರು ಚಿತ್ರವನ್ನೇ ಮುಟ್ಟಲ್ಲ. ನೀವೂ ಜೀವನವೆಲ್ಲ ಮರ ಇಟ್ಟವರೇ ಅಲ್ಲವೇ?”

“ಇಟ್ಟೆ ಮಾರಾಯ. ಎಲ್ಲವೂ ಒಳ್ಳೆ ಬೆಲೆಗೆ ಹೋದವು. ಅದಕ್ಕೇ ನೋಡು, ಈಗ ಕೂರೋಕೆ ಶಿಷ್ಯನ ಮರ ಹುಡುಕಿಕೊಂಡು ಬಂದೆ.”

ಮುದುಕನ ಮುಖ ಕೆಂಪೇರಿತು. ಕುತ್ತಿಗೆಯಿಂದ ಬೆವರಿಳಿಯಿತು. ಕೂತವನು ಮಾತ್ರ ಅಲ್ಲಾಡಲಿಲ್ಲ.

ಸಿಲ್ವಾನೊ ಅವನನ್ನು ನೋಡಿದ, ಚಿತ್ರವನ್ನು ನೋಡಿದ. ಹದದ ತೊಟ್ಟಿಯ ವಾಸನೆ ಮೂಗಿಗೆ ಬಡಿದ ಹಾಗಾಯಿತು. ಹಲ್ಲು ಕಚ್ಚಿ ಚೂರಿ ಎತ್ತಿಕೊಂಡ. ಹಸಿ ಬಣ್ಣದ ಮರವನ್ನು ಬುಡಸಮೇತ ಕೆರೆದು ಹಾಕಿದ. ಮರವಿದ್ದಲ್ಲಿ ಬಿಳುಚಿದ ಹುಲ್ಲು, ಅದರ ಮೇಲೆ ಬರೀ ಆಕಾಶ ತುಂಬಿದ.

“ಹೋದರೆ ಹೋಗಲಿ!” ಎಂದು ಕೂಗಿದ. “ಇದನ್ನೇ ಒಪ್ಪಿಸ್ತೀನಿ!”

ಗುರು ಮೊಣಕಾಲು ಹಿಡಿದು ಎದ್ದ. ಮೆಲ್ಲನೆ ಬಂದು ಚಿತ್ರದ ಮುಂದೆ ನಿಂತ. ಥಟ್ಟನೆ ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ.

“ಅಬ್ಬಬ್ಬಾ, ಏನು ಬಿಸಿಲಯ್ಯಾ ಇಲ್ಲಿ! ನನ್ನ ಟೋಪಿ ಎಲ್ಲಿ?”